ಅಂಗಳದಲ್ಲಿ ಬಿಚ್ಚಿದ ಫಟಫಟಿ

ನಮ್ಮ ಸಚಿನ್ ಮೊನ್ನೆ ಬೀದರಿನ ಮನೆಯ ವರಾಂಡದಲ್ಲಿ ಹಳೆಯ ಪೇಪರು ಹಾಸಿಕೊಂಡು, ಮಣ್ಣುದಾರಿಯಲ್ಲಿ ಹಾರಿಸಿಕೊಂಡು ಹೋಗುವ ತನ್ನ ಬೈಕಿನ ಇಂಜಿನ್ ಬಿಚ್ಚಿ ಕುಳಿತಿದ್ದ. ಪ್ರತಿ ಸಾಮಾನು ತೆಗೆಯುವ ಮೊದಲು ಫೋನಿನಲ್ಲಿ ಅದರ ಫೋಟೋ ಹೊಡೆಯುವುದು, ಆಮೇಲೆ ಪಾನಾ ಹಾಕಿ ನಟ್ಟು ಬಿಚ್ಚುವುದು. ನಾನು ಗೋಡೆ ಹಿಡಿದುಕೊಂಡು ಪೇಪರಿನ ಅಂಚಿನ ತನಕ ಬಂದೆ.

"ಅಜ್ಜಿ, ಏನೂ ಮುಟ್ಟಬ್ಯಾಡ. ಒಂದು ಆಚೀಚಿ ಆತಂದ್ರ ಎಲ್ಲಾ ಹೋತು" ಅಂದ.

ನಾನು ಮುಟ್ಟಲಿಲ್ಲ. ಆದರೆ ಹಲ್ಲಿನ ಚಕ್ರದ ಫೋಟೋ ತೆಗೆಯುವುದನ್ನು ನೋಡಿ ನಗು ತಡೆಯಲಾಗಲಿಲ್ಲ. ಯಾಕೆ ನಗುತ್ತಿ ಎಂದು ಕೇಳಿದ. ಎದುರಿಗೆ ಕುಳಿತು ಕಥೆ ಹೇಳುವ ಧೈರ್ಯ ಈ ವಯಸ್ಸಿನಲ್ಲೂ ನನಗೆ ಬಂದಿಲ್ಲ. ಕೇಳುವವರು ಕಣ್ಣಿಟ್ಟು ನೋಡಿದರೆ ನನಗೆ ಮಾತು ಮರೆತುಹೋಗುತ್ತದೆ. ಹಾಳೆ ಹಾಗಲ್ಲ, ಅದು ತಲೆ ಬಗ್ಗಿಸಿಕೊಂಡು ಕೇಳುತ್ತದೆ. ಅದಕ್ಕೆ ಬರೆದಿಡುತ್ತಿದ್ದೇನೆ, ನೀವೆಲ್ಲ ಬಿಡುವಿದ್ದಾಗ ಓದಿಕೊಳ್ಳಿ.

ಈ ನಾಚಿಕೆ ನನಗೆ ಸಾಲಿಯಲ್ಲೇ ಅಂಟಿತ್ತು. ನಮ್ಮೂರು ಡಾಬಕಾದಲ್ಲಿ ಮಠದ ಪಡಸಾಲೆಯೇ ಸಾಲಿ. ಒಳಗೆ ಕನ್ನಡ ಅಕ್ಷರ, ಹೊರಗೆ ಓಣಿಯಲ್ಲಿ ಮರಾಠಿ, ಊರಿಗೆ ಬರುವ ಸರ್ಕಾರದ ಮಂದಿಯ ಬಾಯಲ್ಲಿ ಉರ್ದು. ಮಾಸ್ತರರು ಹೆಸರು ಕರೆದಾಗ ಎಲ್ಲರೂ "ಹಾಜರ್" ಎಂದು ಕೂಗಬೇಕು. ನಾನು ಸುಮ್ಮನೆ ಒಂದು ಬೆರಳು ಎತ್ತುತ್ತಿದ್ದೆ. ಮಾಸ್ತರರ ಕಣ್ಣು ಮಂಜು, ನನ್ನ ಬೆರಳು ಸಣ್ಣದು. ಒಂದು ದಿನ ಅವರು ನಮ್ಮಪ್ಪನನ್ನು ದಾರಿಯಲ್ಲಿ ನಿಲ್ಲಿಸಿ, "ನಿಮ್ಮ ಹುಡುಗಿ ಸಾಲಿಗೇ ಬರಾಂಗಿಲ್ಲಲ್ಲ, ಬ್ಯಾನಿ ಏನರ ಅದ ಏನು?" ಎಂದು ಕೇಳಿದ್ದರು. ನಾನು ಆಗ ಅಪ್ಪನ ಹಿಂದೆಯೇ ಪಾಟಿ ಹಿಡಿದು ನಿಂತಿದ್ದೆ.

ಇಂಥ ಹುಡುಗಿಯನ್ನು ಔರಾದಿಗೆ ಕೊಟ್ಟರು. ನಿಮ್ಮಜ್ಜ ದನಗಳ ಇಲಾಖೆಯಲ್ಲಿ ಸೂಜಿ ಹಾಕುವ ಕೆಲಸದಲ್ಲಿದ್ದರು. ಎಲ್ಲಿ ದನಕ್ಕೆ ರೋಗ ಬಂದರೂ ಆ ಊರಿಗೆ ಹೋಗಬೇಕು. ರಸ್ತೆ ಅನ್ನುವುದು ಬೀದರಿನ ಕಡೆಗೆ ಒಂದಿಷ್ಟು, ಮಿಕ್ಕದ್ದೆಲ್ಲ ಗಾಡಿದಾರಿ. ಮಳೆಗಾಲದಲ್ಲಿ ಕರಿಮಣ್ಣು ಎತ್ತಿನ ಗೊರಸನ್ನೇ ಕಿತ್ತುಕೊಳ್ಳುವಂತೆ ಹಿಡಿಯುತ್ತಿತ್ತು. ಅದಕ್ಕೆಂದೇ ಮದುವೆಗೆ ಮೊದಲು ಹೈದರಾಬಾದಿನ ಗುಜರಿಯಿಂದ ಒಂದು ಫಟಫಟಿ ತಂದಿದ್ದರು. ಮಹಾಯುದ್ಧದಲ್ಲಿ ಗೋರಾ ಸಿಪಾಯಿಗಳು ಓಡಿಸಿ ಬಿಟ್ಟದ್ದಂತೆ. ಈಗಿನವರು ಮೋಟಾರ್ ಸೈಕಲ್ ಅನ್ನುತ್ತೀರಿ. ಅದು ಕೂಗುತ್ತಿದ್ದ ಕೂಗಿಗೆ ಫಟಫಟಿ ಎಂಬ ಹೆಸರೇ ಸರಿ.

ನಾನು ಬರುವ ಹೊತ್ತಿಗೆ ಅದರ ಇಂಜಿನ್ ಸವೆದು ಹೋಗಿತ್ತು. ಹೋದ ಕಡೆಯೆಲ್ಲ ನೀಲಿ ಹೊಗೆ. ಅತ್ತೆ ಮೂಗಿಗೆ ಸೆರಗು ಹಿಡಿದು, "ಗುಡಿ ನಂದಾದೀಪನೂ ಇಷ್ಟು ಎಣ್ಣಿ ಕುಡಿಯಂಗಿಲ್ಲ" ಅನ್ನುತ್ತಿದ್ದರು. ಕೊನೆಗೆ ಅದು ಏರು ಬಂದರೆ ನಿಲ್ಲತೊಡಗಿತು. ಒದ್ದರೆ ಕಾಲು ಹತ್ತಿಯ ಮೂಟೆಯಲ್ಲಿ ಇಳಿದಂತೆ ಇಳಿಯುತ್ತಿತ್ತು. ಒಳಗೆ ದಮ್ಮೇ ಇರಲಿಲ್ಲ.

ಅಷ್ಟರಲ್ಲಿ ರಾಜ್ಯ ಬದಲಾಯಿತು. ಹೈದರಾಬಾದು ರಾಜ್ಯವನ್ನು ಮೂರು ಪಾಲು ಮಾಡಿ, ನಮ್ಮ ಬೀದರ, ಭಾಲ್ಕಿ, ಔರಾದನ್ನು ಮೈಸೂರಿಗೆ ಸೇರಿಸಿದರು. ಕಮಲನಗರ ದಾಟಿದರೆ ಇದ್ದ ನಮ್ಮ ಚಿಕ್ಕಮ್ಮನ ಊರು ಮುಂಬಯಿ ರಾಜ್ಯಕ್ಕೆ ಹೋಯಿತು. ಮೊದಲು ಹೋದ ಹಾಗೆಯೇ ಬಂಡಿಯಲ್ಲಿ ಹೋಗಿ ಬರುತ್ತಿದ್ದೆವು, ಆದರೂ ಚಿಕ್ಕಮ್ಮ ಮೊದಲ ಸಲ "ಪರರಾಜ್ಯದಿಂದ ಬಂದೀರಿ, ಉಂಡೇ ಹೋಗ್ರಿ" ಎಂದು ನಕ್ಕಿದ್ದಳು. ಅತ್ತೆಗೆ ಮೈಸೂರೆಂದರೆ ಗಾಬರಿ. "ಅಲ್ಲಿ ಮಂದಿ ಜ್ವಾಳದ ರೊಟ್ಟಿ ತಿನ್ನಂಗಿಲ್ಲಂತ. ಮುದ್ದಿ ನುಂಗತಾರಂತ, ಅಗಿಯಾಂಗೇ ಇಲ್ಲಂತ!" ಎಂದು ಓಣಿಯವರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು.

ಈ ಗಾಬರಿಗೆ ಕಾರಣವಿತ್ತು. ನೌಕರರನ್ನು ಹೊಸದಾಗಿ ಹಂಚುತ್ತಿದ್ದರು. ಸೂಜಿ ಹಾಕುವವರಲ್ಲಿ ಸ್ವಂತ ಗಾಡಿ ಇದ್ದವರಿಗೆ ಇಲ್ಲಿನ ಹಳ್ಳಿಗಳೇ, ಇಲ್ಲದವರಿಗೆ ದೂರದ ದಕ್ಷಿಣದಲ್ಲಿ ಖಾಲಿ ಇದ್ದ ಜಾಗಗಳು. ಅಮವಾಸ್ಯೆ ಕಳೆದ ಸೋಮವಾರ ಬೀದರಿನ ಕಚೇರಿಗೆ ಗಾಡಿ ಓಡಿಸಿಕೊಂಡು ಬಂದು ತೋರಿಸಬೇಕು ಎಂದು ನಿಮ್ಮಜ್ಜನಿಗೆ ಹೇಳಿದ್ದರು.

ದಕ್ಷಿಣಕ್ಕೆ ಹಾಕಿದರೆ ಅವರೊಬ್ಬರೇ ಹೋಗಬೇಕು. ಹೊಸ ಸೊಸೆಯನ್ನು ಅಷ್ಟು ದೂರ ಕಳಿಸುವ ಮನೆ ಅದಲ್ಲ. ಮಾವ ಅದನ್ನು ನನ್ನ ಕಿವಿಗೆ ಬೀಳುವಂತೆಯೇ ಹೇಳಿದ್ದರು: "ಅಂವ ಹೋಗಿ ನೌಕರಿ ಮಾಡ್ಲಿ. ಸೊಸಿ ನಮ್ಮ ಹತ್ರ ಇರ್ತಾಳ. ವರ್ಷಕ್ಕೊಮ್ಮೆ ಬಂದು ಹೋಗ್ತಾನ." ವರ್ಷಕ್ಕೊಮ್ಮೆ! ಮದುವೆಯಾಗಿ ನಾವಿಬ್ಬರೂ ಇನ್ನೂ ಹಗಲು ಬೆಳಕಿನಲ್ಲಿ ಒಂದು ಮಾತು ಆಡಿರಲಿಲ್ಲ. ಅವರ ದನಿ ಕೇಳುತ್ತಿದ್ದದ್ದು ಅವರು ಬೇರೆಯವರ ಜೊತೆ ಮಾತಾಡುವಾಗ. ಅದೂ ಹೋದರೆ ನನಗೆ ಉಳಿಯುವುದು ಒಲೆಯೊಂದೇ. ಆ ಇಂಜಿನ್ ಎದ್ದೇಳಲಿ ಎಂದು ಮನೆಯ ಯಾರಿಗಿಂತಲೂ ಹೆಚ್ಚು ಬೇಡಿಕೊಂಡವಳು ನಾನು. ಯಾರಿಗೂ ಗೊತ್ತಾಗದಂತೆ ಬೇಡಿಕೊಂಡೆ.

ಬೀದರಿನಿಂದ ಒಬ್ಬ ಉಸ್ತಾದರು ಬಂದರು. ಲಾರಿ ರಿಪೇರಿಯವರು, ಮಗಳನ್ನು ಔರಾದಿಗೇ ಕೊಟ್ಟಿದ್ದರಿಂದ ಅವಳ ಮನೆಯಲ್ಲಿ ಉಳಿದು ನಮ್ಮಂಗಳಕ್ಕೆ ಬರುತ್ತಿದ್ದರು. ಬಾಯಲ್ಲಿ ಎಲೆ, ಕಿಸೆಯಲ್ಲಿ ಸುಣ್ಣದ ಡಬ್ಬಿ. ಇಂಜಿನ್ನನ್ನು ಕೆಳಗಿಳಿಸಿ ಹಲಗೆಯ ಮೇಲಿಟ್ಟರು. ಹೊಗೆ ಹೋಗುವ ಕಡೆಯೇ ಅದರ ಮೋತಿ, ಅಂದರೆ ಮುಖ, ಅಂದರು. ಮೋತಿ ಬಾವಿಯ ಕಡೆಗಿತ್ತು. ನಿಮ್ಮಜ್ಜ ಗೋಣಿತಾಟು ಹಾಸಿದರು. ಒಂದೊಂದಾಗಿ ಹೊರಗೆ ಬಂದದ್ದನ್ನೆಲ್ಲ ಸಾಲಾಗಿ ಅದರ ಮೇಲಿಟ್ಟರು. ಎಲ್ಲ ಕಾಡಿಗೆಯಂತೆ ಕರ್ರಗೆ.

"ಉಂಗುರ ಪೂರಾ ಸವದಾವ" ಅಂದರು ಉಸ್ತಾದರು.

"ಉಂಗುರನೂ ಹಾಕ್ಕೊಂಡದೇನು ಇದು?" ಎಂದು ಅತ್ತೆ ಒಳಗಿನಿಂದ ಕೇಳಿದರು.

ಉಸ್ತಾದರು ಕಬ್ಬಿಣದ ಉಂಗುರ ಎತ್ತಿ ತೋರಿಸಿದರು. ಅತ್ತೆ ಸಪ್ಪಗಾದರು. ಅದಾದ ಮೇಲೆ ಗಾಳಿ ಬಿಡುವ, ಮುಚ್ಚುವ ವಾಲ್ವುಗಳನ್ನು ಅವುಗಳ ಗದ್ದುಗೆಯಲ್ಲಿ ಕೂರಿಸುವ ಕೆಲಸ. ನುಣ್ಣನೆಯ ಮಸಾಲೆಯಂಥದ್ದೇನೋ ಹಚ್ಚಿ, ತುದಿಗೆ ಕೋಲು ಸಿಕ್ಕಿಸಿ, ಎರಡೂ ಅಂಗೈ ನಡುವೆ ಹಿಡಿದು ಸರಸರ ತಿರುಗಿಸುವುದು. ಉಸ್ತಾದರ ಕೈ ಸೋತರೆ ನಿಮ್ಮಜ್ಜ, ಇವರು ಸೋತರೆ ಉಸ್ತಾದರು. ಅತ್ತೆ ಬಾಗಿಲಲ್ಲಿ ನಿಂತು ನೋಡಿ ನೋಡಿ, "ಗಂಡಸರು ಮಜ್ಜಿಗಿ ಕಡಿಲಿಕತ್ಯಾರ. ಬೆಣ್ಣಿ ಬಂದ್ರ ಕರೀರಿ, ಗಡಗಿ ತರ್ತೀನಿ" ಅಂದರು. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಇಂಜಿನ್ನಿನ ಪಕ್ಕದಲ್ಲಿ ಹಲ್ಲಿಗೆ ಹಲ್ಲು ಕೂಡಿದ ಎರಡು ಚಕ್ರ ಇದ್ದವು, ಒಂದು ಸಣ್ಣದು, ಒಂದು ದೊಡ್ಡದು. ಯಾವ ಹಲ್ಲಿಗೆ ಯಾವ ಹಲ್ಲು ಕೂಡಬೇಕೋ ಅಲ್ಲೇ ಕೂಡಬೇಕಂತೆ, ಇಲ್ಲದಿದ್ದರೆ ಗಾಳಿಯ ಬಾಗಿಲು ತೆರೆಯುವ ಹೊತ್ತಿಗೆ ಬೆಂಕಿ, ಬೆಂಕಿಯ ಹೊತ್ತಿಗೆ ಗಾಳಿ. ಗುಜರಿಯವನು ಬೇರೆ ಗಾಡಿಯ ಚಕ್ರ ಕೂಡಿಸಿದ್ದರಿಂದ ಅದರ ಮೇಲಿನ ಹಳೆಯ ಗುರುತು ನಂಬುವಂತಿರಲಿಲ್ಲ. ಉಸ್ತಾದರು ಪಿಸ್ಟನ್ನನ್ನು ಪೂರಾ ಮೇಲಕ್ಕೆ ತಂದು ನಿಲ್ಲಿಸಿ, ಕಿಸೆಯಿಂದ ಡಬ್ಬಿ ತೆಗೆದು, ಕೂಡಿದ ಹಲ್ಲುಗಳಿಗೆ ಬೆರಳಿನಿಂದ ಒಂದಿಷ್ಟು ಸುಣ್ಣ ಹಚ್ಚಿದರು. "ಇದೇ ನಮ್ಮ ಗುರ್ತ. ಮುಗೀತು" ಎಂದು ಅದೇ ಬೆರಳನ್ನು ಎಲೆಗೆ ಒರೆಸಿ ಬಾಯಿಗೆ ಹಾಕಿಕೊಂಡರು.

ಆ ದೊಡ್ಡ ಚಕ್ರದಲ್ಲಿ ಒಂದು ತೂತಿತ್ತು. ಅವರು ನಿಲ್ಲಿಸಿದಾಗ ಆ ತೂತು ಬಾವಿಯ ಕಡೆಗಿತ್ತು. ನಾನು ನೀರು ಸೇದಲು ಹೋದಾಗ ಅದು ಒಂಟಿಗಣ್ಣು ಬಿಟ್ಟು ನನ್ನನ್ನೇ ನೋಡಿದಂತೆ ಅನ್ನಿಸಿತು. ನಗಬೇಡಿ. ಕೊಡವನ್ನು ಅಡ್ಡ ಹಿಡಿದುಕೊಂಡು ಒಳಗೆ ಬಂದೆ.

ಸಂಜೆ ಚಕ್ರಗಳನ್ನೂ ಬಿಚ್ಚಿ ಗೋಣಿತಾಟಿನ ಮೇಲಿಟ್ಟರು. ಮರುದಿನ ಉಸ್ತಾದರು, ನಿಮ್ಮಜ್ಜ ಇಬ್ಬರೂ ಪಿಸ್ಟನ್ ಆಡುವ ಸವೆದ ಕೊಳವೆಯನ್ನು ಒಳಗಿನಿಂದ ಕೊರೆಸಿ ನುಣುಪು ಮಾಡಿಸಲು ಬೀದರಿಗೆ ಹೋದರು. ಮಾವ ಹೊಲಕ್ಕೆ ಹೋದರು. ಅಮವಾಸ್ಯೆ ಎದುರಿಗಿತ್ತು. ಅತ್ತೆ ಅಂಗಳ ಸಾರಿಸಲು ನಿಂತವರು ಗೋಣಿತಾಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟರು.

"ಲಕ್ಷ್ಮಿ ಬರೋ ಹೊತ್ತಿನ್ಯಾಗ ಮನಿ ಮುಂದ ಇಷ್ಟು ಮಸಿ ಇಡ್ತಾರೇನು?"

ನಾನು ಕೇರಿಯ ಆಚೆಯ ಗಿರಣಿಗೆ ಜೋಳ ಬೀಸಿಸಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ನಮ್ಮ ಹಿತ್ತಾಳೆ ತಂಬಿಗೆಗೂ ಅಂಥ ಬೆಳಕು ಬಂದಿರಲಿಲ್ಲ. ಇಂಜಿನ್ನಿನ ಸಾಮಾನೆಲ್ಲ ದೇವರ ಕೋಣೆಯ ಹಲಗೆಯ ಮೇಲೆ, ದೊಡ್ಡದರಿಂದ ಸಣ್ಣದಕ್ಕೆ, ಮನೆಯ ಪಾತ್ರೆ ಜೋಡಿಸಿದ ಹಾಗೆ. ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ. ಅಂಗಳ ಸಾರಿಸಲೆಂದು ಇಂಜಿನ್ನಿನ ಹಲಗೆಯನ್ನು ಆಳಿನಿಂದ ಎತ್ತಿಸಿ, ಒಣಗಿದ ಮೇಲೆ ತಿರುಗಿ ಇಡಿಸಿದ್ದರು. "ಹ್ಯಾಂಗ ಕಾಣ್ತಾವ ನೋಡು!" ಎಂದು ನನಗೆ ಹೆಮ್ಮೆಯಿಂದ ತೋರಿಸಿದರು. ನನಗೂ ಚೆಂದವೇ ಕಂಡಿತು. ಸುಣ್ಣದ ನೆನಪು ಆಗ ಬರಲಿಲ್ಲ.

ಬೀದರಿನಿಂದ ಬಂದ ಉಸ್ತಾದರು ದೇವರ ಕೋಣೆಯ ಬಾಗಿಲಲ್ಲಿ ನಿಂತರು. ದೊಡ್ಡ ಚಕ್ರವನ್ನು ಎತ್ತಿ ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಿದರು.

"ಅಕ್ಕಾವರೆ, ಇದರ ಮ್ಯಾಲ ಸುಣ್ಣಾ ಇತ್ತಲ್ರಿ?"

"ಇತ್ತು. ಹುಣಸಿಹಣ್ಣ ಹಚ್ಚಿ ತಿಕ್ಕಿದೆ, ಹೋತು. ಜರಾ ಗಟ್ಟಿ ಕುಂತಿತ್ತು ನೋಡ್ರಿ" ಅಂದರು ಅತ್ತೆ, ಶಾಬಾಸ್‌ಗಿರಿ ಕಾಯುತ್ತ.

ಉಸ್ತಾದರು ದೊಡ್ಡ ಮನುಷ್ಯ. "ಭಾಳ ಚೊಲೋ ತಿಕ್ಕೀರಿ" ಎಂದಷ್ಟೇ ಹೇಳಿದರು. ನಿಮ್ಮಜ್ಜ ಅಲ್ಲಿಂದ ಎದ್ದು ಹಿತ್ತಲಿಗೆ ಹೋಗಿ ಬೇವಿನ ಗಿಡದ ಬುಡದಲ್ಲಿ ನಿಂತುಬಿಟ್ಟರು. ಬೆನ್ನು ಮಾತ್ರ ಕಾಣುತ್ತಿತ್ತು ನನಗೆ.

ವಿಭೂತಿ, ಬೂದಿಯ ಕಣ ಎಲ್ಲ ತೊಳೆದು ಒರೆಸಿ, ಹೊಸ ಉಂಗುರ ಹಾಕಿ ಕೂಡಿಸಿದರು. ಆದರೆ ಚಕ್ರ ಕೂಡಿಸುವುದು ಊಹೆಯಿಂದ. ಒಂದು ಹಲ್ಲು ಸರಿಸುವುದು, ಮುಚ್ಚುವುದು, ಗಾಡಿಗೆ ಏರಿಸಿ ಒದೆಯುವುದು, ಮತ್ತೆ ಹಲಗೆಯ ಮೇಲೆ ಇದ್ದ ಹಾಗೆಯೇ ಇಳಿಸಿ ಬಿಚ್ಚುವುದು. ಅದು ಕೆಮ್ಮುತ್ತಿತ್ತು, ಸೀನುತ್ತಿತ್ತು, ಉಸಿರು ಮಾತ್ರ ಹಿಡಿಯಲಿಲ್ಲ. "ಕೂಡ್ತದ, ಕೂಡಂಗಿಲ್ಲ ಅಂತಲ್ಲ. ದಿನಾ ಹಿಡೀತದ" ಅಂದರು ಉಸ್ತಾದರು. ದಿನಗಳೇ ಇರಲಿಲ್ಲ. ಅಮವಾಸ್ಯೆ ಕಳೆದಿತ್ತು. ಭಾನುವಾರ ಮಧ್ಯಾಹ್ನ ಮಾವ ಹೊರಸಿನ ಮೇಲೆ ಕುಳಿತು ತೀರ್ಪು ಕೊಟ್ಟರು.

"ಸಾಕು ಬಿಡ್ರಿ. ನಾಳಿ ಬಸ್ಸಿಗೆ ಹೋಗ್ಲಿ. ಅವ್ರು ಎಲ್ಲಿ ಅಂತಾರೋ ಅಲ್ಲಿ ಹೋಗ್ತಾನ."

ಆ ಹೊತ್ತಿಗೆ ನಾನು ಕೊಡ ಹಿಡಿದು ಬಾವಿಯ ಹತ್ತಿರ ಇದ್ದೆ. ಹಲಗೆಯ ಕಡೆ ನೋಡಿದೆ. ಅಂದು ನನ್ನನ್ನು ನೋಡಿದ್ದ ಆ ಒಂಟಿಗಣ್ಣು ಇಲ್ಲ. ಅದು ಈಗ ಆಕಾಶ ನೋಡುತ್ತಿತ್ತು. ಕೊಡ ಕೆಳಗಿಟ್ಟೆ.

ಹೇಳಬೇಕು. ಆದರೆ ಯಾರಿಗೆ? ಮಾವನ ಎದುರು ಸೊಸೆ ಮಾತಾಡುವಂತಿಲ್ಲ. ಮಾವನಿದ್ದಾಗ ಗಂಡನ ಜೊತೆಗೂ ಇಲ್ಲ. ಪರ ಗಂಡಸಿನ ಮಾತೇ ಬೇಡ. ಅತ್ತೆ ಓಣಿಗೆ ಹೋಗಿದ್ದರು. ನಮ್ಮ ಕಡೆ ಇದಕ್ಕೊಂದು ದಾರಿಯಿತ್ತು. ಅನಿವಾರ್ಯವಾದರೆ ಸೊಸೆಯಂದಿರು ಮಗುವಿಗೋ, ಬೆಕ್ಕಿಗೋ, ಕಟ್ಟಿದ ದನಕ್ಕೋ ಹೇಳುವುದು. ಕೇಳಬೇಕಾದವರು ಕೇಳಿಸಿಕೊಳ್ಳುವುದು. ದನ ಕಟ್ಟುವ ನಮ್ಮ ಗ್ವಾದಲಿಯಲ್ಲಿ ಕೆಂಚಿ ಎಂಬ ಕರು ಇತ್ತು. ನಾನು ಅದರ ಹತ್ತಿರ ಹೋಗಿ, ಮುಖದ ತುಂಬ ಸೆರಗು ಎಳೆದುಕೊಂಡು, ಅದರ ಕಿವಿ ಹಿಡಿದೆ. ಕರು ನನ್ನ ಕೈ ನೆಕ್ಕಿತು. ಆಮೇಲೆ ದನಿ ಹೊರಟಿತು.

"ಕೆಂಚಿ, ಅವತ್ತ ಸುಣ್ಣಾ ಹಚ್ಚಿದಾಗ ದೊಡ್ಡ ಚಕ್ರದ ತೂತ ಬಾವಿ ಕಡಿ ಇತ್ತ."

ಮಾವ ಕೆಮ್ಮಿದರು. ಅವರೂ ಕರುವಿನ ಕಡೆಗೇ ತಿರುಗಿ ಕೇಳಿದರು: "ಏ ಕೆಂಚಿ, ಖಾತ್ರಿ ಅದ ಏನು?"

"ಕೆಂಚಿ, ಖಾತ್ರಿ ಅದ ಅಂತ ಹೇಳು."

"ನಾನು ಸುಣ್ಣಾ ನಂಬಿದ್ದೆ, ತೂತಿನ ಮಾರಿ ಯಾಕ ನೋಡ್ಲಿ?" ಎಂದು ಉಸ್ತಾದರು ಎದ್ದರು. "ಕರಾ ಹೇಳಿದಾಂಗ ಹಚ್ಚೋಣ ನಡೀರಿ."

ಪಿಸ್ಟನ್ ಮೇಲೆ ತಂದು, ತೂತನ್ನು ಬಾವಿಯ ಕಡೆಗಿಟ್ಟು ಕೂಡಿಸಿ, ಇಂಜಿನ್ನನ್ನು ಗಾಡಿಗೆ ಏರಿಸಿದರು. ನಿಮ್ಮಜ್ಜ ಒದ್ದರು. ಢಬ್! ಎಂದು ಬಂದೂಕು ಹಾರಿದಂತೆ ಸದ್ದು, ಪೆಟ್ರೋಲಿನ ಬಾಯಿಂದ ಬೆಂಕಿಯ ನಾಲಿಗೆ. ಕೋಳಿಗಳು ಮಾಳಿಗೆ ಹತ್ತಿದವು. ಉಸ್ತಾದರು ಎರಡು ಹೆಜ್ಜೆ ಹಿಂದೆ ಹಾರಿ ಸಗಣಿಯ ಬುಟ್ಟಿಯಲ್ಲಿ ಕುಳಿತರು.

"ಅರೆ, ನಿಮ್ಮ ಕರಾ ನನ್ನ ಕೊಲ್ಲಬೇಕಂತ ಮಾಡ್ಯದೇನ್ರಿ!"

ಮಾವ ಜೋರಾಗಿ ನಕ್ಕರು. ನಿಮ್ಮಜ್ಜನೂ ನಕ್ಕರು. ನಾನು ಗ್ವಾದಲಿಯ ಮೂಲೆಯಲ್ಲಿ ಭೂಮಿ ಬಾಯಿಬಿಡಲಿ ಎಂದು ನಿಂತಿದ್ದೆ. ಸಾಲಿಯಲ್ಲಿ ಬೆರಳು ಎತ್ತಿದ್ದೇ ಒಳ್ಳೆಯದಿತ್ತು, ಬಾಯಿ ಬಿಟ್ಟದ್ದಕ್ಕೆ ಹೀಗಾಯಿತು ಅನ್ನಿಸಿತು. ಮಾವ ಪಂಚೆ ಕೊಡವಿಕೊಂಡು ಏಳುತ್ತ, "ಬಸ್ಸಿನ ಹೊತ್ತು ವಿಚಾರಿಸ್ಕೊಂಡು ಬರ್ತೀನಿ" ಅಂದರು. ಆ ಮಾತಿಗೆ ನನ್ನ ತಲೆ ಚುರುಕಾಯಿತು. ಅತ್ತೆ ಅಂಗಳ ಸಾರಿಸಿದ್ದು, ಹಲಗೆ ಎತ್ತಿಸಿದ್ದು ನೆನಪಾಯಿತು. ಮೊದಲು ಇಂಜಿನ್ನಿನ ಮೋತಿ ಬಾವಿಗಿತ್ತು. ಆಳು ತಿರುಗಿ ಇಟ್ಟಾಗ ಅದು ಗ್ವಾದಲಿಯ ಕಡೆಗಾಗಿತ್ತು! ಬಾವಿ ಇದ್ದಲ್ಲೇ ಇತ್ತು, ತಿರುಗಿದ್ದು ಇಂಜಿನ್ನು. ನಮ್ಮೂರಿನವರಿಗೆ ಎಡ ಬಲ ಗೊತ್ತಿಲ್ಲ. ಬಾವಿ ಕಡೆ, ಗುಡಿ ಕಡೆ, ಹೊಲದ ಕಡೆ ಅನ್ನುವುದೇ ಗೊತ್ತು. ಉಣ್ಣುವಾಗ ಕೂಡ "ಗ್ವಾಡಿ ಕಡಿ ಬಟ್ಟಲ ತಗೋ" ಅನ್ನುವ ಮಂದಿ ನಾವು.

ಮಾವ ಬಾಗಿಲು ದಾಟುವುದರಲ್ಲಿದ್ದರು. ಎರಡನೆಯ ಸಲ ಮಾತಾಡುವುದು ಮೊದಲ ಸಲಕ್ಕಿಂತ ಕಷ್ಟ. ಸೆರಗಿನೊಳಗೆ ಕಣ್ಣು ಮುಚ್ಚಿಕೊಂಡು ಕೂಗಿಯೇ ಬಿಟ್ಟೆ.

"ಕೆಂಚಿ! ಅವತ್ತ ಇಂಜಿನ್ ಮೋತಿನೂ ಬಾವಿ ಕಡೀನೇ ಇತ್ತ! ತೂತ ಮೋತಿ ಕಡಿ ಇರಬೇಕು, ಬಾವಿ ಕಡಿ ಅಲ್ಲ!"

ನಗು ನಿಂತಿತು. ಉಸ್ತಾದರು ಪಂಚೆಯ ಸಗಣಿ ಒರೆಸುವುದನ್ನು ಬಿಟ್ಟು ಪಾನಾ ಹಿಡಿದರು. ಚಕ್ರ ಅರ್ಧ ಸುತ್ತು ತಿರುಗಿತು. ಮುಚ್ಚಳ ಬಿಗಿಯಾಯಿತು. ನಿಮ್ಮಜ್ಜ ಗಾಡಿಯ ಮೇಲೆ ನಿಂತು ಒದ್ದರು. ಈ ಸಲ ಕಾಲು ಮೆತ್ತಗೆ ಇಳಿಯಲಿಲ್ಲ, ಒಳಗಿನಿಂದ ಏನೋ ತಡೆದು ತಳ್ಳಿತು. ಮತ್ತೊಂದು ಒದೆತ. ಫಟ್, ಫಟ್, ಫಟಫಟಫಟ. ನೀಲಿ ಹೊಗೆ ಇಲ್ಲ. ನಿಂತ ನೆಲವೆಲ್ಲ ಹದವಾಗಿ ನಡುಗುತ್ತಿತ್ತು. ಓಣಿಯಿಂದ ಓಡಿ ಬಂದ ಅತ್ತೆ, "ನೋಡ್ರಿ, ಸ್ವಚ್ಛ ತಿಕ್ಕಿದ್ದಕ್ಕ ಹ್ಯಾಂಗ ನಡೀತು!" ಅಂದರು. ಯಾರೂ ಇಲ್ಲ ಅನ್ನಲಿಲ್ಲ.

ಹೋಗುವ ಮುಂಚೆ ಉಸ್ತಾದರು ನಿಮ್ಮಜ್ಜನಿಗೆ ತಾಕೀತು ಮಾಡಿದರು: "ಕೊಳವಿ ಹೊಸಾದು, ಉಂಗುರಾ ಹೊಸಾದು. ಒಂದಕ್ಕೊಂದು ಇನ್ನಾ ರೂಢಿ ಇಲ್ಲ. ಒಂದಷ್ಟ ದಿನ ಹಗೂರಕ ಓಡಸ್ರಿ. ಜೋರ ಮಾಡಿದ್ರಿ ಅಂದ್ರ ಜನ್ಮಪೂರ್ತಿ ಕಿರಿಕಿರಿ."

ಸೋಮವಾರ ಬೀದರಿಗೆ ಹೋದವರು ಸಂಜೆ ಬಂದರು. ಭಾಲ್ಕಿ ಕೊಟ್ಟಿದ್ದರು. ಜೊತೆಗೆ ಇರಲಿಕ್ಕೆ ಒಂದು ಕೋಣೆ, ಒಂದು ಅಡುಗೆಮನೆ. ಅತ್ತೆ, "ಸೊಸಿ ಯುಗಾದಿ ತನಕ ಇಲ್ಲೇ ಇರ್ಲಿ" ಅಂದರು. ಮಾವ ಹೊರಸಿನ ಮೇಲಿಂದ, "ಭಾಲ್ಕಿ ಏನು ಪರದೇಶ ಅಲ್ಲ. ಕರಕೊಂಡು ಹೋಗ್ಲಿ" ಅಂದರು. ಆ ಮಾತಿಗೆ ನಾನು ಒಳಗೆ ಹಿಟ್ಟಿನ ಡಬ್ಬಿಯನ್ನು ಸುಮ್ಮನೆ ತೆರೆದು ಮುಚ್ಚಿದೆ.

ಹೀಗೆ ನಾನು ಫಟಫಟಿ ಹತ್ತಿದೆ. ಒಂದು ಗಂಟು ಮಡಿಲಲ್ಲಿ, ಸೆರಗಿನ ತುದಿ ಹಲ್ಲಿನಲ್ಲಿ. ಔರಾದಿನ ಕೊನೆಯ ಮನೆ ದಾಟಿದೆವು. ಎರಡೂ ಕಡೆ ಜೋಳದ ಹೊಲ. ಮುಂದೆ ಅವರ ಬೆನ್ನು. ಉಸ್ತಾದರ ಮಾತಿನಂತೆ ಮೆಲ್ಲಗೆ ಓಡಿಸುತ್ತಿದ್ದರು. ಮೆಲ್ಲಗೆ ಹೋದರೂ ಆ ಸದ್ದಿನಲ್ಲಿ ಸಿಡಿಲು ಬಿದ್ದರೂ ಕೇಳುವಂತಿರಲಿಲ್ಲ. ಅದು ಗೊತ್ತಾದ ಕೂಡಲೇ ನನ್ನ ಬಾಯಿ ತಾನಾಗಿ ಬಿಚ್ಚಿತು. ಯಾರೂ ಕೇಳದ ಕಡೆ ಮಾತಾಡುವುದು ಎಷ್ಟು ಸುಲಭ! ಡಾಬಕಾದ ಮಾಸ್ತರರ ಮಂಜುಗಣ್ಣಿನಿಂದ ಹಿಡಿದು ಎಲ್ಲ ಹೇಳಿದೆ. ಅತ್ತೆ ಪಲ್ಯಕ್ಕೆ ಉಪ್ಪು ಹೆಚ್ಚು ಹಾಕುವುದು, ನನಗೆ ಒಲೆಯ ಹೊಗೆ ಆಗದೆ ಕಣ್ಣು ಉರಿಯುವುದು, ಒಲೆ ಕಿಟಕಿಯ ಕೆಳಗಿದ್ದರೆ ಎಷ್ಟು ಚೆನ್ನ ಅನ್ನುವುದು. ಅವರನ್ನು ದಕ್ಷಿಣಕ್ಕೆ ಕಳಿಸುತ್ತಾರೆಂದು ಕೇಳಿದ ದಿನ ನಾನು ಬಾವಿಯ ಹತ್ತಿರ ಏನು ಮಾಡಿದೆ ಅನ್ನುವುದು. ಮದುವೆಯ ದಿನ ಅಂತರಪಟ ಸರಿದಾಗ ಅವರನ್ನು ನೋಡಿ ನನಗೆ ಏನನ್ನಿಸಿತು ಅನ್ನುವುದು. ಇನ್ನೂ ಏನೇನೋ, ಅದೆಲ್ಲ ನಿಮಗೆ ಬೇಡ.

ಮಾಂಜ್ರಾ ನದಿಗೆ ಬಂದಾಗ ಇಳಿದು ಇಂಜಿನ್ ಬಂದ್ ಮಾಡಿದರು. ನಾನೂ ಮಾತಿನ ನಡುವಿನಲ್ಲೇ ಬಂದ್ ಆದೆ. ನೀರು ಇಳಿದಿತ್ತು. ಕಲ್ಲಿನ ಹಾಸಿನ ಮೇಲೆ ಅವರು ಗಾಡಿ ತಳ್ಳಿದರು, ನಾನು ಸೀರೆ ಎತ್ತಿ ಹಿಡಿದು ಹಿಂದೆ ನಡೆದೆ. ಆಚೆ ದಡದಲ್ಲಿ ಒದ್ದರು. ಇಂಜಿನ್ ಎದ್ದಿತು, ನಾನು ಬಿಟ್ಟಲ್ಲಿಂದ ಶುರು ಮಾಡಿದೆ. ಭಾಲ್ಕಿಯ ಕೋಟೆ ಕಾಣುವ ತನಕ ನಿಲ್ಲಿಸಲಿಲ್ಲ. ಗಂಟಲು ಕಟ್ಟಿಹೋಗಿತ್ತು. ಇಳಿದ ಮೇಲೆ ಮತ್ತೆ ನೆಲ ನೋಡುವ ಸೊಸೆಯಾದೆ.

ಮರುದಿನ ಬೆಳಿಗ್ಗೆ ನಾನು ಹೊರಗೆ ಹಿಟ್ಟು ನಾದುತ್ತಿದ್ದೆ. ಅಡುಗೆಮನೆಯಿಂದ ಧಡಧಡ ಸದ್ದು. ಹೋಗಿ ನೋಡಿದರೆ ನಿಮ್ಮಜ್ಜ, ಅಡುಗೆಮನೆಗೆ ಎಂದೂ ಕಾಲಿಡದವರು, ಕತ್ತಲ ಮೂಲೆಯ ಒಲೆಯನ್ನು ಒಡೆದು ಹಾಕಿದ್ದರು. ಮೊಣಕೈ ತನಕ ಕೆಸರು. ಕಿಟಕಿಯ ಕೆಳಗೆ ಹಸಿ ಮಣ್ಣಿನಲ್ಲಿ ಹೊಸ ಒಲೆ ಎದ್ದು ನಿಲ್ಲುತ್ತಿತ್ತು.

ನಾನು ಬಾಗಿಲಲ್ಲೇ ನಿಂತೆ. ಒಲೆಯ ಮಾತು ಕೇಳಿಸಿದ್ದರೆ, ಅದರ ಹಿಂದಿನದು? ಅದರ ಮುಂದಿನದು? ನದಿ ದಾಟಿದ ಮೇಲಿನದು?

ಅವರು ತಲೆ ಎತ್ತದೆ, ಒಲೆಯ ಬಾಯಿಯನ್ನು ಹೆಬ್ಬೆರಳಿನಿಂದ ಸವರುತ್ತ, "ಇಲ್ಲಿ ಹೊಗಿ ನಿಲ್ಲಂಗಿಲ್ಲ" ಅಂದರು.

ನಾನು ಹಿಟ್ಟಿನ ಕೈಯಲ್ಲೇ ಸೆರಗೆಳೆದುಕೊಂಡು ಹಿತ್ತಲಿಗೆ ಓಡಿದೆ.